ಮಯೋನೀಸ್: ರುಚಿಯೂ ಇರಲಿ, ಎಚ್ಚರವೂ ಇರಲಿ



ಹಿಂದೆ ನಮ್ಮ ಸಂಘಗಳಲ್ಲಿ ತಿಂಡಿ ವ್ಯಾಪಾರ ಎಂದರೆ ಚಕ್ಕುಲಿ, ಹಪ್ಪಳ, ಉಪ್ಪಿನಕಾಯಿ. ಈಗ ಬಿ.ಟಿ.ಎಂ. ಲೇಔಟ್‌ನ ಪಿ.ಜಿ. ಹುಡುಗಿಯರು, ಜಯನಗರದ ಕಾಲೇಜು ಮಕ್ಕಳು ಕೇಳುವುದು ಸ್ಯಾಂಡ್‌ವಿಚ್, ರೋಲ್, ಮೊಮೊ. ಜೊತೆಗೆ ಆ ಬಿಳಿ ಮಯೋನೀಸ್ ಬೇಕೇ ಬೇಕು. ಸಾಲ ತೆಗೆದು ಗಾಡಿ ಇಟ್ಟ ಸಹೋದರಿಯರು, "ಸಿಸ್ಟರ್, ಅದನ್ನ ಮನೇಲೇ ಮಾಡ್ಕೊಂಡ್ರೆ ಖರ್ಚು ಕಮ್ಮಿ ಅಲ್ವಾ?" ಎಂದು ಕೇಳುತ್ತಾರೆ. ಕಮ್ಮಿ ಹೌದು. ಆದರೆ ಮಾಡುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ಅಪಾಯ ಎಲ್ಲಿದೆ?

ಮಯೋನೀಸ್ ಎಂದರೆ ಮೊಟ್ಟೆಯ ಹಳದಿ, ಎಣ್ಣೆ, ವಿನೆಗರ್ ಅಥವಾ ನಿಂಬೆರಸ ಸೇರಿಸಿ ಕಡೆದದ್ದು. ಒಲೆಯ ಮೇಲೆ ಇಡುವುದೇ ಇಲ್ಲ, ಮೊಟ್ಟೆ ಹಸಿಯಾಗಿಯೇ ಉಳಿಯುತ್ತದೆ. ಕೋಳಿಯ ಹಿಕ್ಕೆಯಿಂದ ಮೊಟ್ಟೆಯ ಚಿಪ್ಪಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣು ಅಂಟಿರಬಹುದು, ಕೆಲವೊಮ್ಮೆ ಒಳಗೂ ಇರಬಹುದು. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ. ಹಸಿ ಮಯೋನೀಸ್‌ನಲ್ಲಿ ಬದುಕಿ ಉಳಿಯಬಹುದು.

2024ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಮೊಮೊ ತಿಂದ ಹಲವರು ಅಸ್ವಸ್ಥರಾಗಿ, ಒಬ್ಬ ಮಹಿಳೆ ತೀರಿಕೊಂಡರು. ಆ ತಿಂಗಳ ಕೊನೆಯಲ್ಲಿ ತೆಲಂಗಾಣ ಸರ್ಕಾರ ಹಸಿ ಮೊಟ್ಟೆಯ ಮಯೋನೀಸನ್ನು ಒಂದು ವರ್ಷದ ಅವಧಿಗೆ ನಿಷೇಧಿಸಿತು. ಅದಕ್ಕೂ ಮೊದಲು 2023ರ ಜನವರಿಯಲ್ಲಿ ಕೇರಳ, ಆಮೇಲೆ 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಇಂಥದೇ ಆದೇಶ ಹೊರಡಿಸಿದವು. ಆದ್ದರಿಂದ ನಮ್ಮ ಸಲಹೆ ಇಷ್ಟೇ: ಮಾರುವುದಕ್ಕೆ ಹಸಿ ಮೊಟ್ಟೆ ಬೇಡವೇ ಬೇಡ.

ಮೊಟ್ಟೆ ಇಲ್ಲದೆ ಮಾಡುವ ವಿಧಾನ

ಬೇಕಾಗುವುದು: ಕಾಯಿಸಿ ಆರಿಸಿ ಫ್ರಿಜ್‌ನಲ್ಲಿ ತಣ್ಣಗೆ ಮಾಡಿದ ಹಾಲು ಅರ್ಧ ಕಪ್, ಸೂರ್ಯಕಾಂತಿ ಎಣ್ಣೆ 1 ಕಪ್, ಸಾಸಿವೆ ಪುಡಿ ಕಾಲು ಚಮಚ, ಉಪ್ಪು ಅರ್ಧ ಚಮಚ, ಸ್ವಲ್ಪ ಕಾಳುಮೆಣಸಿನ ಪುಡಿ, ನಿಂಬೆರಸ ಅಥವಾ ವಿನೆಗರ್ 2 ಚಮಚ.

ಮಿಕ್ಸಿಯ ಚಿಕ್ಕ ಜಾರನ್ನು ತೊಳೆದು, ತೇವವಿಲ್ಲದಂತೆ ಒರೆಸಿಕೊಳ್ಳಿ. ಹಾಲು, ಸಾಸಿವೆ, ಉಪ್ಪು, ಮೆಣಸು ಹಾಕಿ ತಿರುಗಿಸಿ. ಎಣ್ಣೆಯನ್ನು ದಾರದಂತೆ ಸಣ್ಣಗೆ ಸುರಿಯುತ್ತಾ ಹೋಗಿ. ಅವಸರ ಮಾಡಿ ಒಮ್ಮೆಲೇ ಸುರಿದರೆ ಎಣ್ಣೆ ಬೇರೆ, ಹಾಲು ಬೇರೆ ಆಗುತ್ತೆ. ಕೊನೆಗೆ ನಿಂಬೆರಸ ಹಾಕಿದಾಗ ಗಟ್ಟಿಯಾಗುತ್ತದೆ. ಗಾಜಿನ ಬಾಟಲಿಗೆ ತುಂಬಿ, ದಿನಾಂಕ ಬರೆದು, ಕೂಡಲೇ ಫ್ರಿಜ್‌ನಲ್ಲಿಡಿ. ಮೊಟ್ಟೆ ಇಲ್ಲ ಎಂದ ಮಾತ್ರಕ್ಕೆ ಕೆಡುವುದಿಲ್ಲ ಎಂದುಕೊಳ್ಳಬೇಡಿ. ಹಾಲೂ ಕೆಡುವ ಪದಾರ್ಥವೇ.

ಇಡುವ ಕ್ರಮ

1. 5ರಿಂದ 60 ಡಿಗ್ರಿ ಸೆಲ್ಸಿಯಸ್ ಒಳಗೆ ರೋಗಾಣುಗಳು ಬೇಗ ಬೆಳೆಯುತ್ತವೆ. ಫ್ರಿಜ್ 5 ಡಿಗ್ರಿಗಿಂತ ಕೆಳಗಿರಲಿ.

2. ಹೊರಗೆ ಒಟ್ಟು 2 ಗಂಟೆಗಿಂತ ಹೆಚ್ಚು ಇಡಬಾರದು. ಏಪ್ರಿಲ್-ಮೇ ಬಿಸಿಲಲ್ಲಿ 1 ಗಂಟೆ ಸಾಕು. ಗಾಡಿಯಲ್ಲಿ ಐಸ್ ಡಬ್ಬಿ ಇಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಹೊರತೆಗೆಯಿರಿ. ತವಾದ ಪಕ್ಕ ಇಡಬೇಡಿ.

3. ಮನೆಯಲ್ಲಿ ಮಾಡಿದ್ದು ವ್ಯಾಪಾರಕ್ಕಾದರೆ ಅಂದಂದಿಗೇ ಮುಗಿಯಲಿ. ಹಳೆಯದಕ್ಕೆ ಹೊಸದು ಬೆರೆಸಬಾರದು.

4. ಬೇಯಿಸಿದ ಆಲೂಗೆಡ್ಡೆ, ಕೋಳಿಮಾಂಸ, ತರಕಾರಿ ಬೆರೆಸಿದರೆ ಹುಳಿಯ ಅಂಶ ಕಮ್ಮಿಯಾಗಿ ಇನ್ನೂ ಬೇಗ ಕೆಡುತ್ತದೆ. ಬೆರೆಸುವ ಮೊದಲು ಅವು ಪೂರ್ತಿ ತಣ್ಣಗಾಗಿರಲಿ.

5. ಅಂಗಡಿಯಿಂದ ತಂದ ಪ್ಯಾಕೆಟ್ಟಿನ ಮೇಲಿನ ದಿನಾಂಕ ಓದಿ. ಒಡೆದ ಮೇಲೆ ಫ್ರಿಜ್‌ನಲ್ಲೇ ಇಡಿ, ಒಣಗಿದ ಚಮಚ ಬಳಸಿ.

ಚೆಲ್ಲುವುದೂ ಲೆಕ್ಕವೇ

ನಮ್ಮ ಒಂದು ಸಂಘದ ಸಹೋದರಿಯ ಮನೆಯಲ್ಲಿ ಒಮ್ಮೆ ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ, ಆಮೇಲೆ ಇಲ್ಲ. ಮಾರನೇ ದಿನ ಸಾಲದ ಕಂತು ಕಟ್ಟಬೇಕಿತ್ತು. ಆದರೂ ಆಕೆ ಒಂದು ಡಬ್ಬಿ ಮಯೋನೀಸ್ ಚೆಲ್ಲಿಬಿಟ್ಟರು. ವಾರದ ಸಭೆಯಲ್ಲಿ ಒಬ್ಬರು, "ಮೂಸಿದ್ರೆ ಚೆನ್ನಾಗೇ ಇತ್ತಲ್ಲಾ, ಯಾಕ್ರೀ ಚೆಲ್ಲಿದ್ರಿ?" ಎಂದರು. ರೋಗಾಣು ಸೇರಿದ ಆಹಾರ ವಾಸನೆಯಲ್ಲಿ, ರುಚಿಯಲ್ಲಿ ಗೊತ್ತಾಗುವುದಿಲ್ಲ ಎಂದು ನಾವು ವಿವರಿಸಬೇಕಾಯಿತು. ಅಂದಿನಿಂದ ಆ ಸಂಘದವರು ಲೆಕ್ಕದ ಪುಸ್ತಕದಲ್ಲಿ "ಚೆಲ್ಲಿದ್ದು" ಎಂಬ ಒಂದು ಕಾಲಂ ಹಾಕಿಕೊಂಡರು. ಬೆಲೆ ಕಟ್ಟುವಾಗ ಅದನ್ನೂ ಸೇರಿಸುತ್ತಾರೆ. ಹಾಗೆ ಮಾಡಿದರೆ ಚೆಲ್ಲುವಾಗ ಕೈ ನಡುಗುವುದಿಲ್ಲ.

ತಿಂದವರಿಗೆ ಕಾಯಿಲೆಯಾದರೆ

ಕೆಲವು ಗಂಟೆಗಳಿಂದ ಕೆಲವು ದಿನಗಳ ಒಳಗೆ ಭೇದಿ, ವಾಂತಿ, ಜ್ವರ, ಹೊಟ್ಟೆನೋವು ಬರಬಹುದು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಓ.ಆರ್.ಎಸ್. ದೊಡ್ಡ ಪ್ಯಾಕೆಟ್ ಬೆರೆಸಿ ಕುಡಿಸುತ್ತಿರಿ. ಮಕ್ಕಳು, ಬಸುರಿಯರು, ವಯಸ್ಸಾದವರು ಆದರೆ, ಅಥವಾ ರಕ್ತಭೇದಿ ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಭೇದಿಯಾಗುತ್ತಿರುವ ಸಹೋದರಿ ವಾಸಿಯಾಗುವ ತನಕ ಅಡುಗೆಗೆ ಕೈ ಹಾಕಬಾರದು. ಆ ದಿನಗಳ ಕೆಲಸವನ್ನು ಸಂಘದವರು ಹಂಚಿಕೊಳ್ಳಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಯಾರು ಮಯೋನೀಸ್ ಬಳಸುತ್ತಿದ್ದಾರೆ? ಎಲ್ಲಿಂದ ತರುತ್ತಾರೆ?

2. ಕರೆಂಟ್ ಹೋದರೆ ಏನು ಮಾಡುತ್ತೇವೆ?

3. ಆಹಾರ ಮಾರುವ ಎಲ್ಲರೂ 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ನೋಂದಣಿ ಮಾಡಿಸಿದ್ದೇವೆಯೇ?

ನಮ್ಮ ಗಾಡಿಯ ಮುಂದೆ ನಿಂತ ಮಗು ಯಾರದೋ ಮನೆಯ ಮಗು. ನಮ್ಮ ಮಗುವಿಗೆ ಕೊಡಲು ಹಿಂಜರಿಯುವುದನ್ನು ಅದಕ್ಕೂ ಕೊಡದಿರೋಣ. ನಿಮ್ಮ ದುಡಿಮೆಯನ್ನು ದೇವರು ಆಶೀರ್ವದಿಸಲಿ.