ಚಂಚಲ ಮಕ್ಕಳ ಮಿದುಳು ಮತ್ತು ರಕ್ತಸಂಚಾರ

ಒಂದೆಡೆ ಕುಳಿತಿರಲಾರದ, ಹೇಳಿದ್ದನ್ನು ಕ್ಷಣದಲ್ಲಿ ಮರೆಯುವ ಮಗುವನ್ನು ಹಠಮಾರಿಯೆಂದು ದಂಡಿಸುವ ಹಿರಿಯರುಂಟು. ಅಂಥ ಕೆಲವು ಮಕ್ಕಳಿಗೆ ಇರುವುದು ಎ.ಡಿ.ಎಚ್.ಡಿ. ಎಂಬ, ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ.

1984ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಲೌ ಮತ್ತು ಸಂಗಡಿಗರು ಇಂಥ ಮಕ್ಕಳ ಮಿದುಳಿನ ರಕ್ತಸಂಚಾರವನ್ನು ಕ್ಸೆನಾನ್ ಅನಿಲದ ನೆರವಿನಿಂದ ಅಳೆದರು. ಮನಸ್ಸನ್ನು ನಿಲ್ಲಿಸುವ, ಆತುರವನ್ನು ತಡೆಯುವ ಮುಂಭಾಗದಲ್ಲಿ ಹರಿವು ಕಡಿಮೆಯಿತ್ತು. ಮೀಥೈಲ್‌ಫೆನಿಡೇಟ್ ಔಷಧಿ ಕೊಟ್ಟಾಗ ಮಿದುಳಿನ ನಡುಭಾಗದಲ್ಲಿ ಹರಿವು ಹೆಚ್ಚಿತು. ದುಡಿಯುವ ಭಾಗಕ್ಕೆ ಹೆಚ್ಚು ರಕ್ತ ಹರಿಯುವುದು ಸಹಜ. ಆದ್ದರಿಂದ ಕಡಿಮೆ ಹರಿವು ಆ ಭಾಗದ ಮಂದಗತಿಯ ಸೂಚನೆಯೇ ಹೊರತು ರಕ್ತನಾಳ ಕಟ್ಟಿಕೊಂಡಿದೆಯೆಂದು ಅರ್ಥವಲ್ಲ.

ಈ ವ್ಯತ್ಯಾಸವು ಮಕ್ಕಳ ಗುಂಪಿನಲ್ಲಿ ಕಂಡುದು. ಒಂದು ಮಗುವಿನ ರೋಗನಿರ್ಣಯ ಸ್ಕ್ಯಾನಿನಿಂದ ಆಗದು. 12 ವರ್ಷದೊಳಗೆ ತೋರಿ, ಮನೆ-ಶಾಲೆಗಳೆರಡರಲ್ಲೂ ಕನಿಷ್ಠ 6 ತಿಂಗಳು ಉಳಿದ ಲಕ್ಷಣಗಳನ್ನು ಪರಿಶೀಲಿಸಿ ತಜ್ಞರು ನಿರ್ಧರಿಸುತ್ತಾರೆ.

ಆಯುರ್ವೇದ ವೈದ್ಯನಾಗಿಯೂ ನಾನು ಹೇಳುವುದಿಷ್ಟು: ಬ್ರಾಹ್ಮಿಯನ್ನು ನಂಬಿ ತಜ್ಞರ ಔಷಧಿಯನ್ನು ನಿಲ್ಲಿಸಬೇಡಿ. ಒಮ್ಮೆಗೆ ಒಂದೇ ಸೂಚನೆ, ಸಕಾಲದ ನಿದ್ರೆ, ಮಾಡಿದ ಸಣ್ಣ ಕೆಲಸಕ್ಕೂ ಮೆಚ್ಚುಗೆ ಇರಲಿ. ಬೆತ್ತದಿಂದ ಮಿದುಳನ್ನು ತಿದ್ದಲಾಗದು.