ಅಕ್ಕನಿಗೂ ಪಾಲಿದೆ

ಚಿ. ಪುಟ್ಟಿಗೆ,

 

ಮೊನ್ನೆ ಫೋನಿನಲ್ಲಿ ಅಜ್ಜಿಯನ್ನು ಕೇಳಿದೆಯಂತೆ: "ತಮ್ಮ ಹುಷಾರಾದ, ಆದರೂ ಮನೇಲಿ ಎಲ್ಲಾ ಅವನದೇ. ನನಗೆ ಹೊಟ್ಟೆಕಿಚ್ಚಾಗುತ್ತೆ, ಅದು ಪಾಪಾನಾ?" ಪಾಪವಲ್ಲ ಮಗಳೇ. ಅವನ ಕಾಯಿಲೆ ನಡೆಯುವಾಗ ನೀನು ಚಿಕ್ಕವಳು, ಯಾರೂ ನಿನಗೆ ಬಿಡಿಸಿ ಹೇಳಲಿಲ್ಲ. ಈಗ ಪಿಯುಸಿ ಓದುವ ಹುಡುಗಿ, ಅದಕ್ಕೇ ಬರೆಯುತ್ತಿದ್ದೇನೆ.

ಅವನಿಗೆ ಬಂದದ್ದು ಎ.ಎಲ್.ಎಲ್., ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ರಕ್ತದ ಕ್ಯಾನ್ಸರ್. ಇದರ ಚಿಕಿತ್ಸೆ ಎರಡು, ಮೂರು ವರ್ಷ ಎಳೆಯುತ್ತದೆ. ಮೊದಲ ತಿಂಗಳುಗಳಲ್ಲಿ ನಿನ್ನ ಅಪ್ಪ ಅಮ್ಮನಿಗೆ ಕಿದ್ವಾಯಿ ಆಸ್ಪತ್ರೆಯೇ ಮನೆಯಾಯಿತು. ನೀನು ತಿಪಟೂರಿನಲ್ಲಿ ನಮ್ಮ ಜೊತೆ ಉಳಿದೆ.

ಒಮ್ಮೆ ಅವನನ್ನು ನೋಡಲು ಬ್ಯಾಗು ತುಂಬಿಕೊಂಡು ಹೊರಟವಳನ್ನು ನಿಲ್ಲಿಸಿದೆವು. ನೀನು ಊಟ ಬಿಟ್ಟು ಮಲಗಿದೆ. ಅಂದು ನಿನ್ನ ಬೆಂಚಿನ ಹುಡುಗಿಗೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಬಂದಿತ್ತು. ಅದು ತಗುಲಿದ ಮೇಲೆ ಮೈಮೇಲೆ ಕಾಣಲು ಮೂರು ವಾರದವರೆಗೂ ಹಿಡಿಯಬಹುದು. ನಿನಗಾಗಿದ್ದರೆ ಬೇವಿನ ಸೊಪ್ಪು, ಶಾಲೆಗೆ ರಜೆ, ಅಷ್ಟರಲ್ಲಿ ಮುಗಿಯುತ್ತಿತ್ತು. ಕೀಮೋದಿಂದ ಬಿಳಿ ರಕ್ತಕಣ ಕುಸಿದಿದ್ದ ಅವನ ಶ್ವಾಸಕೋಶಕ್ಕೆ ಅದು ಇಳಿದಿದ್ದರೆ ಜೀವಕ್ಕೇ ಅಪಾಯವಿತ್ತು. ನೀನು ಬೇಡವಾಗಿ ದೂರ ಇಟ್ಟದ್ದಲ್ಲ.

ಮುಂದೆ ಎಲ್ಲರೂ ಒಂದೇ ಮನೆಗೆ ಬಂದಾಗಲೂ ನಿನಗೆ ನ್ಯಾಯ ಸಿಗಲಿಲ್ಲ. ಸ್ಟೆರಾಯ್ಡ್ ಮಾತ್ರೆ ನುಂಗುವ ದಿನಗಳಲ್ಲಿ ಅವನು ರಾತ್ರಿ ಎರಡು ಗಂಟೆಗೆ ಎದ್ದು ಪುಳಿಯೋಗರೆ ಬೇಕೆಂದರೆ ನಿನ್ನಮ್ಮ ಒಲೆ ಹಚ್ಚುತ್ತಿದ್ದಳು. ತಟ್ಟೆ ಎಸೆದರೂ ಬೈಯುತ್ತಿರಲಿಲ್ಲ. ಆ ಹಸಿವು, ಆ ಸಿಟ್ಟು, ಊದಿದ ಮುಖ ಎಲ್ಲ ಔಷಧದ್ದು. ಆದರೆ ನಿನ್ನ ಕಣ್ಣಿಗೆ ಕಂಡದ್ದು ಅವನೊಬ್ಬನಿಗೆ ನಡೆಯುತ್ತಿದ್ದ ಮುದ್ದು.

ವಾರಕ್ಕೊಮ್ಮೆ ನೀನು ಎಣಿಸಿ ಕೊಡುತ್ತಿದ್ದ ಹಳದಿ ಮಾತ್ರೆ ಮೆಥೊಟ್ರೆಕ್ಸೇಟ್. ಆ ಜಾತಿಯ ಔಷಧಗಳು ಬಂದದ್ದು ಭೀಮಾವರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಶಾಲೆಯಿಂದ. ಅವರ ತಂಡ ಕೊಟ್ಟ ಅಮಿನಾಪ್ಟೆರಿನ್‌ನಿಂದ ಈ ಕಾಯಿಲೆಯ ಕೆಲವು ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರೆಂದು ಬೋಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಇಂಥ ಮಕ್ಕಳು ತಿಂಗಳುಗಳಲ್ಲೇ ತೀರಿಕೊಳ್ಳುತ್ತಿದ್ದರು. ಈಗ ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಕ್ಕ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಒಂದು ವಾರವೂ ತಪ್ಪದಂತೆ ಆ ಮಾತ್ರೆ ಕೊಟ್ಟ ಕೈ ನಿನ್ನದೂ ಹೌದು.

ಮಾತ್ರೆ ನಿಂತಿತು, ಭಯ ನಿಂತಿಲ್ಲ. ಚಿಕಿತ್ಸೆ ನಡೆಯುವಾಗ ಜ್ವರ 100.4 ಡಿಗ್ರಿ ದಾಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕಿತ್ತು. ಆ ಅಭ್ಯಾಸಕ್ಕೇ ನಿನ್ನಮ್ಮ ಇಂದಿಗೂ ಥರ್ಮಾಮೀಟರನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೇ ಮದುವೆ ಮನೆಗೆ ಹೋಗುತ್ತಾಳೆ. ಅವನು ಸೀನಿದರೆ ನಿನ್ನಪ್ಪನ ತುತ್ತು ಅರ್ಧಕ್ಕೇ ನಿಲ್ಲುತ್ತದೆ. ವರ್ಷಗಳು ಉರುಳಿದಂತೆ ಕಾಯಿಲೆ ಮರುಕಳಿಸುವ ಸಂಭವ ಕಡಿಮೆಯಾಗುತ್ತದೆ, ಅವರ ಭಯವೂ ನಿಧಾನವಾಗಿ ಇಳಿಯುತ್ತದೆ. ತಪಾಸಣೆ ಮಾತ್ರ ತಪ್ಪಬಾರದು. ಕೆಲವು ಔಷಧಗಳ ಪರಿಣಾಮ ಹೃದಯದ ಮೇಲೆ ವರ್ಷಗಳ ನಂತರ ಕಾಣಿಸಬಹುದು. ಅವನ ಫೈಲು ಜೋಪಾನವಾಗಿರಲಿ. ಅವನು ಮೂವತ್ತರವನಾದಾಗಲೂ ವೈದ್ಯರು ಕೇಳುತ್ತಾರೆ.

ಆದರೆ ಆ ಫೈಲನ್ನು ಕಾಯುವುದು ನಿನ್ನ ಕೆಲಸವಲ್ಲ. ಕಳೆದ ಬೇಸಿಗೆಯಲ್ಲಿ ಹಲ್ಲುನೋವನ್ನು ಕೆನ್ನೆ ಊದುವವರೆಗೂ ಮುಚ್ಚಿಟ್ಟೆ. "ಅಮ್ಮನಿಗೆ ಇನ್ನೊಂದು ಯಾಕೆ?" ಅಂದೆ. ಇಂಥ ಒಳ್ಳೆಯತನ ಬೇಡ. ನೋವಾದರೆ ನೋವು ಅನ್ನು. ಅಮ್ಮನ ಹತ್ತಿರ ಬಾಯಿಬಿಟ್ಟು ಕೇಳು: "ಭಾನುವಾರ ನನ್ನ ಜೊತೆ ಬಾ, ನಾವಿಬ್ಬರೇ ಹೋಗೋಣ." ಅವಳು ಖಂಡಿತ ಬರುತ್ತಾಳೆ. ಕೇಳದೆ ತಿಳಿದುಕೊಳ್ಳುವಷ್ಟು ಬಿಡುವು ಅವಳ ಮನಸ್ಸಿಗೆ ಇನ್ನೂ ಬಂದಿಲ್ಲ.

ತಮ್ಮನಿಗೆ ಎರಡನೆಯ ತಾಯಿಯಾಗಬೇಡ, ಅಕ್ಕನಾಗಿರು. ರಿಮೋಟಿಗೆ ಜಗಳವಾಡು, ಅವನ ತಟ್ಟೆ ಅವನೇ ತೊಳೆಯಲಿ, ಲೆಕ್ಕ ತಪ್ಪಿದರೆ ತಿದ್ದು. ಸುತ್ತ ಎಲ್ಲರೂ ಅಯ್ಯೋ ಪಾಪ ಅನ್ನುವಾಗ ಅವನನ್ನು ಎಲ್ಲ ಹುಡುಗರಂತೆ ನಡೆಸಿಕೊಳ್ಳುವವರು ಒಬ್ಬರು ಬೇಕು.

ದಸರಾ ರಜೆಗೆ ಅಮ್ಮನೊಬ್ಬಳನ್ನೇ ಕರೆದುಕೊಂಡು ಬಾ. ತಮ್ಮನನ್ನು ನಾಲ್ಕು ದಿನ ಅಪ್ಪ ನೋಡಿಕೊಳ್ಳಲಿ, ನಾನು ನಿನ್ನಪ್ಪನಿಗೆ ಫೋನ್ ಮಾಡಿ ಹೇಳಿದ್ದೇನೆ.

ಇಂತಿ ನಿನ್ನ ಪ್ರೀತಿಯ
ಅಜ್ಜ