ಕಾದ ಕಲ್ಲು, ಕಾಣದ ಧೂಳು

ಏಪ್ರಿಲ್–ಮೇ ತಿಂಗಳಲ್ಲಿ ಬಾಗಲಕೋಟೆ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಬಾದಾಮಿಯ ಮರಳುಗಲ್ಲಿನ ಬೆಟ್ಟ ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತದೆ. ಗುಹಾಲಯ ನೋಡಲು ಬೆಳಗಿನ ಹೊತ್ತೇ ಲೇಸು. ಹುನಗುಂದದ ಎರೆಹೊಲದಲ್ಲಿ ನಡುಮಧ್ಯಾಹ್ನ ಕೆಲಸ ನಿಲ್ಲಿಸಬೇಕು. ಉಪ್ಪು ಬೆರೆಸಿದ ಮಜ್ಜಿಗೆಯನ್ನು ಬಾಯಾರುವ ಮೊದಲೇ ಕುಡಿಯುವುದು ಒಳ್ಳೆಯದು.

ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಬಿಸಿಲಿನ ಜೊತೆ ಧೂಳಿನ ಕಾಟವೂ ಇದೆ, ಅದೇ ಹೆಚ್ಚು ಕೇಡು. ಕಣ್ಣಿಗೆ ಕಾಣದ ಸಿಲಿಕಾ ಕಣಗಳು ಶ್ವಾಸಕೋಶದಲ್ಲಿ ಕೂತು, ವರ್ಷಗಳ ಮೇಲೆ ಸಿಲಿಕೋಸಿಸ್ ತರುತ್ತವೆ. ಅದನ್ನು ವಾಸಿ ಮಾಡುವ ಮದ್ದಿಲ್ಲ. ಮೂಗಿಗೆ ಸುತ್ತಿದ ಟವೆಲ್ಲು ಈ ಕಣಗಳನ್ನು ತಡೆಯದು. ನೀರು ಹಾಯಿಸುತ್ತಲೇ ಕಲ್ಲು ಕೊರೆಯಬೇಕು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಧರಿಸಬೇಕು.

ಮೈ ವಿಪರೀತ ಕಾದು ಮಾತು ತೊದಲಿದರೆ ಅದು ಉಷ್ಣಾಘಾತ. ನೆರಳಿಗೆ ಒಯ್ದು, ಮೈಗೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.